41 ದಿನ ಮೀನಿಲ್ಲದ ಊಟ

ಪ್ರಶ್ನೆ: ದಿನವೂ ಮೀನು ತಿನ್ನುವವರು ಒಂದೂವರೆ ತಿಂಗಳು ಸಸ್ಯಾಹಾರಕ್ಕೆ ಇಳಿದರೆ ಶಕ್ತಿ ಕುಂದದೇ?

ಉತ್ತರ: ಕುಂದಬೇಕಾಗಿಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಎಷ್ಟೋ ಮನೆಗಳಲ್ಲಿ ಇದು ವರ್ಷವೂ ನಡೆಯುತ್ತದೆ. ನವೆಂಬರ್ ನಡುವಿನಲ್ಲಿ ಮಾಲೆ ಹಾಕಿದ ಅಯ್ಯಪ್ಪ ವ್ರತಧಾರಿಗಳು 41 ದಿನ ಮೀನು, ಕೋಳಿ ಮುಟ್ಟದೆ ತೋಟದ ಕೆಲಸ, ಗಾರೆ ಕೆಲಸ ಮಾಡಿಕೊಂಡೇ ಇದ್ದು, ಕೊನೆಗೆ ಶಬರಿಮಲೆಯನ್ನೂ ಹತ್ತುತ್ತಾರೆ. ದೇಹದ ಲೆಕ್ಕವೂ ಇದಕ್ಕೆ ಒಪ್ಪುತ್ತದೆ. ಸಸ್ಯಗಳಲ್ಲಿ ಸಿಗದ ಬಿ12 ಜೀವಸತ್ವ ಆರೋಗ್ಯವಂತರ ಯಕೃತ್ತಿನಲ್ಲಿ ವರ್ಷಗಳಿಗೆ ಸಾಲುವಷ್ಟು ಕೂಡಿರುತ್ತದೆ. ಹಾಲು, ಮಜ್ಜಿಗೆಯಲ್ಲೂ ಇದೆ. 100 ಗ್ರಾಂ ಒಣ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ.

ಆದರೂ ಸುಸ್ತಾಯಿತು ಎನ್ನುವವರಿದ್ದಾರೆ, ಅದು ಸುಳ್ಳಲ್ಲ. ತಟ್ಟೆಯಿಂದ ಬಂಗುಡೆ ತೆಗೆದು ಆ ಜಾಗಕ್ಕೆ ಇನ್ನೊಂದು ಸೌಟು ಕುಚ್ಚಲಕ್ಕಿ ಅನ್ನ, ತಿಳಿಸಾರು ಬಡಿಸಿಕೊಂಡರೆ ಹಾಗೇ ಆಗುವುದು. ಕೊರತೆ ಮೀನಿನದಲ್ಲ, ಕಾಳಿನದು. ಕಾಯಿ ಅರೆದು ಹಾಕಿದ ಕಡಲೆ ಗಸಿ, ಬಸಳೆ-ಹೆಸರುಕಾಳಿನ ಪದಾರ್ಥ, ಗಟ್ಟಿ ಹುರುಳಿ ಸಾರು ಇವೆಲ್ಲ ಈ ಸೀಮೆಯ ಅಡುಗೆಮನೆಯಲ್ಲೇ ಇವೆ. ಮೇಲೆ ನಿಂಬೆರಸ ಹಿಂಡಿದರೆ ಕಾಳಿನ ಕಬ್ಬಿಣಾಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ವ್ರತ ಭಕ್ತಿಯದು, ಆರೋಗ್ಯದ್ದಲ್ಲ ಎಂಬ ಆಕ್ಷೇಪ ಸರಿಯೇ. ಆದರೆ ಹೊಟ್ಟೆ ಆ ಭೇದ ಎಣಿಸುವುದಿಲ್ಲ. ಗರ್ಭಿಣಿಯರು, ರಕ್ತಹೀನತೆ ಇರುವವರು ಮಾತ್ರ ಮೊದಲು ವೈದ್ಯರನ್ನು ಕೇಳಲೇಬೇಕು.