ಧ್ವನಿ ವರದಿ

ಧ್ವನಿ ವರದಿಯು ಮಾತು, ಪರಿಸರದ ಸದ್ದು ಹಾಗೂ ನಿರೂಪಣೆಗಳನ್ನು ಜೋಡಿಸಿ ರೂಪಿಸುವ ಪತ್ರಿಕೋದ್ಯಮದ ಒಂದು ಪ್ರಕಾರ. ಪತ್ರಿಕೋದ್ಯಮದ ವಿದ್ಯಾರ್ಥಿಗಳು ಇದನ್ನು ಬಹುಮಾಧ್ಯಮ ತರಬೇತಿಯ ಭಾಗವಾಗಿ ಕಲಿಯುತ್ತಾರೆ. ಇದರಲ್ಲಿ ಚಿತ್ರವಿಲ್ಲದ ಕಾರಣ ಸ್ಥಳವನ್ನು ಸದ್ದೇ ಪರಿಚಯಿಸಬೇಕಾಗುತ್ತದೆ. ಬಳ್ಳಾರಿ ನಗರದ ಜೀನ್ಸ್ ಘಟಕಗಳ ಹೊಲಿಗೆ ಯಂತ್ರ, ಸಿರುಗುಪ್ಪದ ಭತ್ತದ ಕೊಯ್ಲು, ಕುರುಗೋಡಿನ ದೊಡ್ಡಬಸವೇಶ್ವರ ದೇವಾಲಯದ ಗಂಟೆ ಇದಕ್ಕೆ ಉದಾಹರಣೆಗಳು.

ಅನುವಾದ

ಬಳ್ಳಾರಿ ಭಾಗದಲ್ಲಿ ಕನ್ನಡದೊಂದಿಗೆ ತೆಲುಗು, ಉರ್ದು ಭಾಷೆಗಳೂ ಬಳಕೆಯಲ್ಲಿವೆ. ಅನ್ಯಭಾಷೆಯ ಹೇಳಿಕೆಯನ್ನು ತೆಗೆದು ಅನುವಾದವನ್ನಷ್ಟೇ ಓದಿದರೆ, ಹೇಳಿದವರ ತಡವರಿಕೆ, ಮೌನ, ಕೋಪಗಳು ಕೇಳುಗರನ್ನು ತಲುಪುವುದಿಲ್ಲ. ಅನುವಾದ ಸರಿಯೇ ಎಂದು ಭಾಷೆ ಬಲ್ಲವರು ಪರಿಶೀಲಿಸುವ ಅವಕಾಶವೂ ಇಲ್ಲವಾಗುತ್ತದೆ. ಹೀಗಾಗಿ ಮೂಲ ಧ್ವನಿಯನ್ನು ಕೆಲವು ಕ್ಷಣ ಕೇಳಿಸಿ, ಬಳಿಕ ಅದನ್ನು ತಗ್ಗಿಸಿ ಅನುವಾದವನ್ನು ಓದುವುದು ರೂಢಿ. ಸಂಕಲನದಲ್ಲಿ ಮಾತಿನ ಅರ್ಥ ಕೆಡದಂತೆ ನೋಡಿಕೊಳ್ಳುವುದು ವರದಿಗಾರರ ಹೊಣೆ.