ಬಿಸ್‌ಫೀನಾಲೂ ಹೆಣ್ಣು ಭ್ರೂಣದ ಅಂಡಗಳೂ

ಸ್ತ್ರೀಯ ಸಂತಾನಶಕ್ತಿಯ ಮೂಲವನ್ನು ಆಕೆಯ ಯೌವನದಲ್ಲಿ ಅರಸುವುದು ವಾಡಿಕೆ. ಆದರೆ ಆ ಮೂಲವು ಆಕೆಯು ಹುಟ್ಟುವುದಕ್ಕೆ ಮುಂಚೆಯೇ ಏರ್ಪಟ್ಟಿರುವುದು. ಹೆಣ್ಣು ಶಿಶುವು ಗರ್ಭದಲ್ಲಿ ಐದು ತಿಂಗಳಿನದಾಗಿರುವಾಗ ಅದರ ಅಂಡಾಶಯಗಳಲ್ಲಿ ಸುಮಾರು 60–70 ಲಕ್ಷ ಅಂಡಕೋಶಗಳಿರುತ್ತವೆ. ಜನನಕಾಲಕ್ಕೆ 10–20 ಲಕ್ಷ ಮಾತ್ರ ಉಳಿಯುತ್ತವೆ. ವರ್ಣತಂತುಗಳ ಸಂಖ್ಯೆಯನ್ನು ಅರ್ಧಕ್ಕಿಳಿಸುವ ವಿಭಜನೆಯು ಗರ್ಭದಲ್ಲಿಯೇ ಮೊದಲಾಗಿ, ನಡುವೆ ತಡೆದು ನಿಂತು, ಎಷ್ಟೋ ವರ್ಷಗಳ ಮೇಲೆ ಅಂಡವು ಪಕ್ವವಾಗುವಾಗ ಮುಂದುವರಿಯುತ್ತದೆ. ಆದುದರಿಂದ ಗರ್ಭಿಣಿಯ ದೇಹವನ್ನು ಹೊಕ್ಕ ದ್ರವ್ಯವೊಂದು ಆಕೆಯನ್ನೂ, ಮಗಳನ್ನೂ, ಆ ಮಗಳ ಅಂಡದಿಂದ ಮುಂದೆ ಹುಟ್ಟಬೇಕಾದ ಮೊಮ್ಮಗುವನ್ನೂ ಏಕಕಾಲದಲ್ಲಿ ಮುಟ್ಟಬಲ್ಲುದು.

ಇಂತಹ ದ್ರವ್ಯಗಳಲ್ಲಿ ಬಿಸ್‌ಫೀನಾಲ್ ಎ ಎಂಬುದು ಮುಖ್ಯವಾದುದು. ಇದು ಈಸ್ಟ್ರೊಜೆನ್ ಎಂಬ ಸ್ತ್ರೀ ಹಾರ್ಮೋನನ್ನು ಅನುಕರಿಸುವುದೆಂದು ಲಂಡನ್ನಿನ ಡಾಡ್ಸ್ ಮತ್ತು ಲಾಸನ್ ಎಂಬವರು 1936ರಲ್ಲಿಯೇ ತೋರಿಸಿದ್ದರು. ಡಾಡ್ಸರ ತಂಡವು 1938ರಲ್ಲಿ ಸಿದ್ಧಪಡಿಸಿದ ಡೈಎಥಿಲ್‌ಸ್ಟಿಲ್‌ಬೆಸ್ಟ್ರಾಲ್ ಎಂಬ ಪ್ರಬಲವಾದ ಕೃತಕ ಈಸ್ಟ್ರೊಜೆನ್ನನ್ನು ಗರ್ಭಪಾತವನ್ನು ತಡೆಯಲೆಂದು ಗರ್ಭಿಣಿಯರಿಗೆ ಕೊಡಲಾಗುತ್ತಿದ್ದಿತು. ಆ ತಾಯಂದಿರ ಹೆಣ್ಣುಮಕ್ಕಳಲ್ಲಿ ಕೆಲವರಿಗೆ ಎಳೆಯ ವಯಸ್ಸಿನಲ್ಲಿಯೇ ಅಪರೂಪವಾದ ಯೋನಿಯ ಕ್ಯಾನ್ಸರ್ ತಗುಲಿದುದು 1971ರಲ್ಲಿ ಪ್ರಕಟವಾಯಿತು. ಗರ್ಭಾಶಯದ ವಿಕೃತಿಯೂ ಬಂಜೆತನವೂ ಆಮೇಲೆ ತಿಳಿದುಬಂದವು. ಬಿಸ್‌ಫೀನಾಲಾದರೋ ಔಷಧವಾಗದೆ, 1950ರ ದಶಕದಿಂದೀಚೆಗೆ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕಿಗೂ ಆಹಾರದ ಡಬ್ಬಿಗಳ ಒಳಲೇಪಕ್ಕೂ ಮೂಲವಸ್ತುವಾಯಿತು.

ಇದರ ದೋಷವು ಬೆಳಕಿಗೆ ಬಂದುದು ಆಕಸ್ಮಿಕವಾಗಿ. 1998ರಲ್ಲಿ ಅಮೆರಿಕದ ಕ್ಲೀವ್‌ಲೆಂಡಿನಲ್ಲಿ ಪೆಟ್ರೀಷಿಯ ಹಂಟ್ ಎಂಬವರ ಪ್ರಯೋಗಶಾಲೆಯ ಇಲಿಪಂಜರಗಳನ್ನು ತೀಕ್ಷ್ಣವಾದ ಮಾರ್ಜಕದಿಂದ ತೊಳೆಯಲಾಗಿ, ಪ್ಲಾಸ್ಟಿಕ್ ಸವೆದು ಬಿಸ್‌ಫೀನಾಲ್ ಒಸರತೊಡಗಿತು. ಹೋಲಿಕೆಗಾಗಿ ಇರಿಸಿದ್ದ ಆರೋಗ್ಯವಂತ ಇಲಿಗಳಲ್ಲಿಯೇ, ಅಂಡದ ವರ್ಣತಂತುಗಳು ಸಾಲುಗೂಡದಿರುವ ದೋಷವು 100ಕ್ಕೆ 1–2ರಿಂದ ಸುಮಾರು 40ಕ್ಕೆ ಏರಿತು. ಬೇಕೆಂದೇ ಅಲ್ಪಪ್ರಮಾಣದಲ್ಲಿ ಆ ದ್ರವ್ಯವನ್ನು ಕೊಟ್ಟಾಗಲೂ ದೋಷವು ಮರುಕಳಿಸಿದುದರಿಂದ ಕಾರಣವು ಸ್ಥಿರಪಟ್ಟು, 2003ರಲ್ಲಿ ಫಲಿತಾಂಶವು ಪ್ರಕಟವಾಯಿತು. 2007ರ ಪ್ರಯೋಗದಲ್ಲಿ ಗರ್ಭಿಣಿ ಇಲಿಗಳಿಗೆ ಇದನ್ನು ಕೊಡಲು, ಹೆಣ್ಣು ಭ್ರೂಣಗಳ ಅಂಡಕೋಶಗಳಲ್ಲಿ ವರ್ಣತಂತುಗಳ ಜೋಡಣೆ ಕೆಟ್ಟಿತು. ಆ ಭ್ರೂಣಗಳು ಬೆಳೆದ ಮೇಲೆ ಅವುಗಳ ಅಂಡಗಳಲ್ಲಿ ವರ್ಣತಂತುಗಳ ಸಂಖ್ಯೆಯೂ ತಪ್ಪಿತು.

ಇಲಿಯಲ್ಲಿ ಕಂಡುದನ್ನು ಹಾಗೆಯೇ ಮನುಷ್ಯರಿಗೆ ಅನ್ವಯಿಸುವುದು ಯುಕ್ತವಲ್ಲ. ಆದರೂ 2003–04ರ ಅಮೆರಿಕದ ಸಮೀಕ್ಷೆಯಲ್ಲಿ 100ಕ್ಕೆ 93 ಜನರ ಮೂತ್ರದಲ್ಲಿ ಬಿಸ್‌ಫೀನಾಲ್ ಕಂಡುಬಂದಿತೆಂಬುದು ಉಪೇಕ್ಷಿಸತಕ್ಕ ಸಂಗತಿಯಲ್ಲ. ಯೂರೋಪಿನ ಒಕ್ಕೂಟವು ಶಿಶುಗಳ ಹಾಲಿನ ಸೀಸೆಗಳಲ್ಲಿ ಇದನ್ನು 2011ರಲ್ಲಿ ನಿಷೇಧಿಸಿತು.

ಹಾಗಾದರೆ ಬದಲಿ ದ್ರವ್ಯಗಳಿಂದ ಕಾರ್ಯವು ಸಿದ್ಧಿಸಿತೇ? ಹಂಟರ ಪ್ರಯೋಗಶಾಲೆಯಲ್ಲಿಯೇ, ಬೇರೆಯ ಪ್ಲಾಸ್ಟಿಕ್ಕಿನ ಪಂಜರಗಳು ಕೆಟ್ಟು, ಬಿಸ್‌ಫೀನಾಲ್ ಎಸ್ ಎಂಬ ಸೋದರ ದ್ರವ್ಯವು ಒಸರಿ, ಅದೇ ಬಗೆಯ ದೋಷಗಳು ತೋರಿದುದು 2018ರಲ್ಲಿ ಪ್ರಕಟವಾಯಿತು. ಹೆಸರನ್ನು ಬದಲಿಸಿದ ಮಾತ್ರಕ್ಕೆ ಗುಣವು ಬದಲಾಗದು. ಹೊಸ ದ್ರವ್ಯವನ್ನು ಬಳಕೆಗೆ ತರುವ ಮುನ್ನ ಅದನ್ನು ಬೆಳೆದ ದೇಹದ ಮೇಲಷ್ಟೇ ಅಲ್ಲದೆ, ಇನ್ನೂ ಹುಟ್ಟದ ಹೆಣ್ಣಿನ ಅಂಡದ ಮೇಲೆಯೂ ಪರೀಕ್ಷಿಸಬೇಕೆಂಬುದೇ ಈ ಎರಡು ಆಕಸ್ಮಿಕಗಳಿಂದ ಸಿದ್ಧವಾಗುವ ತಾತ್ಪರ್ಯ.