ಮದರಾಸಿಗೆ ಗುಂಡು ಹಾಕಿದ 'ಎಂಡನ್'



ಯಾರಿಗೂ ಜಗ್ಗದ, ಕಣ್ಣಿಗೆ ಮಣ್ಣೆರಚಿ ಕೆಲಸ ಸಾಧಿಸುವ ಗಟ್ಟಿಗನನ್ನು ತಮಿಳಿನಲ್ಲಿ 'ಎಂಡನ್' ಎನ್ನುವುದನ್ನು ನೀವು ನೆರೆಮನೆಯ ಹಿರಿಯರಿಂದ ಕೇಳಿರಬಹುದು. ಈ ಪದ ತಮಿಳಿನದಲ್ಲ, ಕನ್ನಡದ್ದೂ ಅಲ್ಲ. ಅದೊಂದು ಜರ್ಮನ್ ಯುದ್ಧನೌಕೆಯ ಹೆಸರು!

1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದಾಗ ಈ ನೌಕೆಯ ಕಪ್ತಾನ ಕಾರ್ಲ್ ಫಾನ್ ಮುಲ್ಲರ್. ಹುಟ್ಟಿದ್ದು 1873ರಲ್ಲಿ, ಹ್ಯಾನೋವರ್‌ನಲ್ಲಿ. ತನ್ನ ನೌಕೆಗೆ ಇದ್ದ ಮೂರು ಹೊಗೆಕೊಳವೆಗಳ ಜೊತೆಗೆ ಸುಳ್ಳು ನಾಲ್ಕನೆಯದನ್ನು ನಿಲ್ಲಿಸಿ, ಬ್ರಿಟಿಷ್ ಹಡಗಿನಂತೆ ಕಾಣಿಸಿಕೊಂಡು ಆತ ಬಂಗಾಳ ಕೊಲ್ಲಿಗೆ ನುಗ್ಗಿದ. ಸೆಪ್ಟೆಂಬರ್ 22ರ ರಾತ್ರಿ ಒಂಬತ್ತು ಗಂಟೆಯ ಮೇಲೆ ಮದರಾಸಿನ ತೀರಕ್ಕೆ ಸುಮಾರು 3 ಕಿ.ಮೀ. ಸಮೀಪ ಬಂದು ನಿಂತ. ಊರಿನ ದೀಪಗಳೆಲ್ಲ ಉರಿಯುತ್ತಿದ್ದವು. ಸುಮಾರು 130 ಗುಂಡುಗಳು ಹಾರಿದವು. ಬರ್ಮಾ ಆಯಿಲ್ ಕಂಪನಿಯ ತೈಲದ ತೊಟ್ಟಿಗಳು ಹೊತ್ತಿ ಉರಿದವು. ಬ್ರಿಟಿಷರು ಎಚ್ಚೆತ್ತು ತಿರುಗಿ ಗುಂಡು ಹಾರಿಸುವಷ್ಟರಲ್ಲಿ ನೌಕೆ ಕತ್ತಲಲ್ಲಿ ಮಾಯ! ಮುಂದಿನ ದಿನಗಳಲ್ಲಿ ಸಾವಿರಾರು ಜನ ಸಿಕ್ಕಿದ ರೈಲು ಹತ್ತಿ ಊರು ಬಿಟ್ಟರು.

ಆಗ ಮದರಾಸು ಕನ್ನಡಿಗರಿಗೂ ರಾಜಧಾನಿ. ದಕ್ಷಿಣ ಕನ್ನಡ, ಬಳ್ಳಾರಿ, ಕೊಳ್ಳೇಗಾಲಗಳೆಲ್ಲ ಮದರಾಸು ಪ್ರಾಂತ್ಯಕ್ಕೇ ಸೇರಿದ್ದವು. ಮಂಗಳೂರಿನಲ್ಲಿ ಇದರ ಮರುವರ್ಷಗಳು ಇನ್ನೊಂದು ಬಗೆಯವು. ಅಲ್ಲಿ ಶಾಲೆ, ಮುದ್ರಣಾಲಯ, ಹೆಂಚಿನ ಕಾರ್ಖಾನೆ ನಡೆಸುತ್ತಿದ್ದ ಬಾಸೆಲ್ ಮಿಷನ್ನಿನ ಜರ್ಮನರನ್ನು ಬ್ರಿಟಿಷ್ ಸರ್ಕಾರ ಶತ್ರುಗಳೆಂದು ಬಂಧನದಲ್ಲಿಟ್ಟಿತು. ಅವರ ಕಾರ್ಖಾನೆಗಳು ಕೈಬಿಟ್ಟುಹೋದವು.

ಮುಲ್ಲರನನ್ನು ವೈರಿಗಳೂ ಹೊಗಳಿದರು. ವ್ಯಾಪಾರದ ಹಡಗುಗಳನ್ನು ಮುಳುಗಿಸುವ ಮುಂಚೆ ಅದರ ಜನರನ್ನು ಸುರಕ್ಷಿತವಾಗಿ ಇಳಿಸುತ್ತಿದ್ದ. ಆದರೆ ಮದರಾಸಿನಲ್ಲಿ ಕಡೇಪಕ್ಷ ಐದು ಮಂದಿ ಸತ್ತರು. ನವೆಂಬರ್ 9ರಂದು ಕೊಕೋಸ್ ದ್ವೀಪದ ಬಳಿ ಆಸ್ಟ್ರೇಲಿಯದ 'ಸಿಡ್ನಿ' ನೌಕೆ 'ಎಂಡನ್'ನನ್ನು ಹೊಡೆದುರುಳಿಸಿದಾಗ 130ಕ್ಕೂ ಹೆಚ್ಚು ನಾವಿಕರು ಮಡಿದರು. ಮುಲ್ಲರ್ ಸೆರೆಯಾದ. ಯುದ್ಧ ಮುಗಿದ ಮೇಲೆ, ಸಂಗಾತಿಗಳ ರಕ್ತದಿಂದ ಹಣ ಮಾಡಲಾರೆನೆಂದು ತನ್ನ ಕಥೆಯನ್ನು ಪುಸ್ತಕವಾಗಿ ಬರೆಯಲು ಒಪ್ಪಲಿಲ್ಲ. 1923ರಲ್ಲಿ ತೀರಿಕೊಂಡ. ಅವನ ಹೆಸರು ಇತಿಹಾಸದಲ್ಲಿ ಉಳಿಯಿತು, ಅವನ ನೌಕೆಯ ಹೆಸರು ಬೀದಿಯ ಮಾತಿನಲ್ಲಿ ಉಳಿಯಿತು. ಆ ರಾತ್ರಿ ಸತ್ತ ಬಡಪಾಯಿಗಳ ಹೆಸರನ್ನು ಮಾತ್ರ ನಾವು ಯಾರೂ ಹೇಳುವುದಿಲ್ಲ. ವೀರರ ಕಥೆ ಓದುವಾಗ ಇದನ್ನೂ ನೆನೆಯಬೇಕಲ್ಲವೇ?

ಇನ್ನೊಂದು ಸೋಜಿಗ ಕೇಳಿ. ನೌಕೆಗೆ ಹೆಸರು ಕೊಟ್ಟ ಎಂಡನ್ ಪಟ್ಟಣ ಇರುವುದು ಜರ್ಮನಿಯ ಪೂರ್ವ ಫ್ರೀಸ್‌ಲ್ಯಾಂಡಿನಲ್ಲಿ. ಅದೇ ಸೀಮೆಯ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ 1832ರಲ್ಲಿ ಹುಟ್ಟಿದವರು ಫರ್ಡಿನೆಂಡ್ ಕಿಟ್ಟೆಲ್! ಬಾಸೆಲ್ ಮಿಷನ್ನಿನ ಮೂಲಕ ನಮ್ಮ ನಾಡಿಗೆ ಬಂದು, ಹಳೆಯ ಓಲೆಗರಿ ಹುಡುಕಿ, ಜನರ ಬಾಯಿಮಾತು ಕೇಳಿ, ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟನ್ನು 1894ರಲ್ಲಿ ಮಂಗಳೂರಿನಿಂದ ಹೊರತಂದವರು. ಒಂದೇ ಸೀಮೆಯಿಂದ ತಮಿಳಿಗೆ ಒಂದು ಪದ ಬಂತು, ಗುಂಡಿನ ಜೊತೆ. ಕನ್ನಡದ ಸಾವಿರಾರು ಪದಗಳು ಒಟ್ಟಾಗಿ ಉಳಿದವು, ಒಬ್ಬ ಮನುಷ್ಯನ ದುಡಿಮೆಯಿಂದ. ಪರದೇಶದವರೊಬ್ಬರು ಇಷ್ಟು ಶ್ರಮಪಟ್ಟ ಭಾಷೆ, ಮನೆಯಲ್ಲೇ ಅಪ್ಪ ಅಮ್ಮನ ಬಾಯಲ್ಲಿ ಸಿಗುವ ನಿಮಗೆ ಕಷ್ಟವೇ?

ಮುಂದಿನ ಸಲ ಪ್ಯಾರಿಸ್ ಕಾರ್ನರಿಗೆ ಹೋದಾಗ ಹೈಕೋರ್ಟಿನ ಪೂರ್ವದ ಕಾಂಪೌಂಡು ಗೋಡೆಯಲ್ಲಿರುವ ಕಲ್ಲಿನ ಫಲಕವನ್ನು ನೋಡಿ ಬನ್ನಿ. 1914ರ ಆ ರಾತ್ರಿಯ ಸುದ್ದಿ ಅದರಲ್ಲಿದೆ. ಜೊತೆಗೆ ತಮ್ಮ ತಂಗಿಯರನ್ನೂ ಕರೆದೊಯ್ಯಿರಿ. ಕಥೆಯನ್ನು ಕನ್ನಡದಲ್ಲೇ ಹೇಳಿ. ಪದ ತಡವರಿಸಿದರೆ ನಾಚಬೇಡಿ. ಮನೆಗೆ ಬಂದು ಅಜ್ಜಿಯನ್ನು ಕೇಳಿ, ಇಲ್ಲವೇ ಕಿಟ್ಟೆಲ್ಲರ ನಿಘಂಟು ತೆರೆಯಿರಿ.